ಗುಲಾಬಿ ಚಿತ್ರಕ್ಕೊಂದು ಗೋಡೆ

ನಮ್ಮ ಮನೆಗೊಂದು ಹಾಲ್ ಬೇಕು ಎಂದು ಹಠ ಹಿಡಿದವಳು ನಾನೇ. ಹಾಗಾಗಿ ಈ ವಿಷಯದಲ್ಲಿ ಬೇರೆ ಯಾರನ್ನೂ ದೂರುವ ಹಕ್ಕು ನನಗಿಲ್ಲ.

ನಾನು ಗೌರಿಬಿದನೂರಿನಲ್ಲಿ ಬೆಳೆದವಳು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಮ್ಮದು ಬಾಡಿಗೆ ಮನೆಯಾದರೂ ಅದಕ್ಕೊಂದು ಹಾಲ್ ಇತ್ತು, ಹಾಲ್‌ನಲ್ಲಿ ಶೋಕೇಸು, ಶೋಕೇಸಿನಲ್ಲಿ ಯಾರೂ ಮುಟ್ಟಬಾರದ ಆರು ಗಾಜಿನ ಲೋಟಗಳು. ಮದುವೆಯಾಗಿ ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಗೆ ಬಂದ ದಿನ ಗಂಡನ ಮನೆಯ ಮುಂದಿನ ದೊಡ್ಡ ಕೋಣೆ ನೋಡಿ, ಪರವಾಗಿಲ್ಲ, ಇಲ್ಲಿ ನಾಲ್ಕು ಕುರ್ಚಿ ಹಾಕಬಹುದು ಅಂದುಕೊಂಡೆ. ಆ ಕೋಣೆ ನಮ್ಮದಲ್ಲ, ರೇಷ್ಮೆ ಹುಳುಗಳದ್ದು ಎಂದು ಆಮೇಲೆ ಗೊತ್ತಾಯಿತು.

ಹುಳು ಸಾಕುವ ಮನೆಗಳಲ್ಲಿ ಇರುವುದರಲ್ಲಿ ಒಳ್ಳೆಯ ಕೋಣೆ ಹುಳುವಿಗೇ. ಗಾಳಿ ಅಲ್ಲಿಗೆ, ನೆರಳು ಅಲ್ಲಿಗೆ, ಕಿಟಕಿಗೆ ನೊಣ ಬರದಂತೆ ಬಲೆಯೂ ಅಲ್ಲಿಗೆ. ಮನುಷ್ಯರು ಅಡುಗೆಮನೆಯಲ್ಲೋ ಜಗಲಿಯಲ್ಲೋ ಹೇಗೋ ಹೊಂದಿಕೊಳ್ಳಬೇಕು. ನಾನು ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಷ್ಟರಮ್ಮ. ಜೊತೆಯ ಟೀಚರುಗಳು ಮನೆಗೆ ಬಂದರೆ ಅವರನ್ನು ಜಗಲಿಯ ಮೇಲೆ, ಹುಳುವಿನ ಮೇವಿಗೆ ತಂದ ಹಿಪ್ಪುನೇರಳೆ ಸೊಪ್ಪಿನ ಹೊರೆಯ ಪಕ್ಕದಲ್ಲಿ ಕೂರಿಸಿ ಕಾಫಿ ಕೊಡಬೇಕಾಗಿತ್ತು. ಅವರಿಗೇನೂ ಬೇಜಾರಿರಲಿಲ್ಲ. ನನಗಿತ್ತು.

ಆ ಕೋಣೆಯ ಯಜಮಾನಿ ನನ್ನ ಅತ್ತೆ. ನನ್ನ ಗಂಡ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮಾವ ತೀರಿಕೊಂಡರಂತೆ. ಅಂದಿನಿಂದ ಒಂದೂವರೆ ಎಕರೆ ಹಿಪ್ಪುನೇರಳೆ ತೋಟ ಮತ್ತು ಆ ಕೋಣೆ, ಇವೆರಡನ್ನೇ ನಂಬಿ ಅವರು ಇಬ್ಬರು ಮಕ್ಕಳನ್ನು ಸಾಕಿದರು. ನನ್ನ ಗಂಡನ ಡಿಗ್ರಿ, ನಾದಿನಿಯ ಮದುವೆ, ಕೊನೆಗೆ ನನ್ನ ಕೊರಳಿನ ತಾಳಿ, ಎಲ್ಲವೂ ಆ ಕೋಣೆಯಿಂದಲೇ ಹೊರಬಂದವು. ಹುಳುವಿಗೆ ವಾಸನೆ, ಸೋಂಕು ಆಗದೆಂದು ಅಲ್ಲಿಗೆ ಹೊರಗಿನವರಿಗೆ ಪ್ರವೇಶವಿಲ್ಲ. ಪೌಡರ್ ಹಾಕಿಕೊಂಡು ಬಸ್ಸಿನಲ್ಲಿ ಓಡಾಡುವ ನಾನೂ ಈ ಲೆಕ್ಕದಲ್ಲಿ ಹೊರಗಿನವಳೇ. ಹನ್ನೊಂದು ವರ್ಷ ಸಂಸಾರ ಮಾಡಿದರೂ ಆ ಹೊಸಿಲು ದಾಟಿದ್ದು ಬೆರಳೆಣಿಕೆಯಷ್ಟು ಸಲ.

ಅತ್ತೆಗೆ ಅರವತ್ತೈದು ದಾಟಿತ್ತು. ಮಂಡಿ ನೋವು ಶುರುವಾಗಿತ್ತು. ನನ್ನ ಗಂಡನಿಗೆ ಶಿಡ್ಲಘಟ್ಟದ ಕಚೇರಿಯೊಂದರಲ್ಲಿ ಕೆಲಸ, ನನಗೂ ಸಂಬಳ. ಇನ್ನು ಯಾಕೆ ಈ ಒದ್ದಾಟ ಎಂದು ನಾನು ಗಂಡನ ಹತ್ತಿರ ಶುರು ಹಚ್ಚಿಕೊಂಡೆ. ಮಂಡಿ ನೋವಿನ ಮಾತು ಸುಳ್ಳಲ್ಲ, ಆದರೆ ನನ್ನ ಕಣ್ಣಿದ್ದದ್ದು ಕೋಣೆಯ ಮೇಲೆ.

"ನೀನೇ ಹೇಳು ಅಮ್ಮಂಗೆ," ಎಂದರು ಅವರು, ಪೇಪರಿನಿಂದ ಮುಖ ಎತ್ತದೆ.

"ನಿಮ್ಮಮ್ಮ, ನೀವು ಹೇಳಿ."

ಹೀಗೆ ಮೂರು ತಿಂಗಳು ಕಳೆಯಿತು. ಕೊನೆಗೆ ನಾನೇ ಬಾಯಿಬಿಟ್ಟೆ. ಅತ್ತೆ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಕೈ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡು, "ಆಯ್ತು ಬಿಡಮ್ಮ. ಯುಗಾದಿ ಬೆಳೆ ಒಂದು ಆಗೋಗ್ಲಿ," ಎಂದರು. ಒಂದು ಸಲ ಹುಳು ಸಾಕಿ ಗೂಡು ತೆಗೆದರೆ ಅದು ಒಂದು ಬೆಳೆ. ಅಷ್ಟು ಸುಲಭವಾಗಿ ಒಪ್ಪಿದಾಗ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಮಾರನೇ ದಿನವೇ ಚಿಂತಾಮಣಿಯ ಪೇಂಟ್ ಅಂಗಡಿಗೆ ಹೋಗಿ ಬಣ್ಣದ ಕಾರ್ಡು ತಂದೆ.

ಬಣ್ಣ ಮಾತ್ರ ನನ್ನ ಮನಸ್ಸಿನಲ್ಲಿ ಮೊದಲೇ ನಿಶ್ಚಯವಾಗಿತ್ತು. ತೆಳು ಗುಲಾಬಿ. ಚಿಕ್ಕಂದಿನಿಂದ ಬಾಡಿಗೆ ಮನೆಗಳ ಹಸಿರು ಡಿಸ್ಟೆಂಪರ್ ನೋಡಿ ನೋಡಿ ನನಗೆ ಸಾಕಾಗಿತ್ತು. ಗಂಡ ಕಾರ್ಡು ನೋಡಿ, "ಇದೇನು, ಬೊಂಬಾಯಿ ಮಿಠಾಯಿ ಅಂಗಡಿ ಮಾಡ್ತೀಯಾ ಮನೇನ," ಎಂದರು. ನಾನು ಕಾರ್ಡನ್ನು ಮಡಚಿ ಬ್ಯಾಗಿಗೆ ಹಾಕಿದೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಆಸ್ಟ್ರೇಲಿಯಾದ ಒಬ್ಬ ಹೆಂಗಸು ನಮ್ಮ ಮನೆಗೆ ಬಂದಳು. ಸ್ಕಂದಗಿರಿ ಹತ್ತಲು ಬಂದವಳು ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯನ್ನೂ ನೋಡಿ, ಹುಳುಗಳನ್ನು ಮನೆಯಲ್ಲಿ ಸಾಕುವುದನ್ನು ನೋಡಬೇಕು ಎಂದಳಂತೆ. ನನ್ನ ಗಂಡನ ಕಚೇರಿಯವರು, ನಿಮ್ಮ ಮನೆಯಲ್ಲಿ ಹುಳುವೂ ಇದೆ, ಇಂಗ್ಲಿಷ್ ಮೇಡಂ ಕೂಡ ಇದ್ದಾರೆ ಎಂದು ಅವಳನ್ನು ನಮ್ಮ ಕಡೆಗೆ ಸಾಗಹಾಕಿದರು. ನಾನು ಒಳ್ಳೆ ಸೀರೆ ಉಟ್ಟು ಕಾದೆ. ಅತ್ತೆ ಕೋಣೆಯ ಬಾಗಿಲಿಗೆ ಅಡ್ಡ ನಿಂತರು.

"ಸೆಂಟ್ ಹಾಕವ್ಳೆ. ಹುಳ ನಾಲ್ಕನೇ ಜ್ವರಕ್ಕೆ ಕೂತವೆ. ಬೇಡ ಅಂತ ಹೇಳಮ್ಮ."

ಹುಳು ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತು ಪೊರೆ ಕಳಚುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಅತ್ತೆ ದೇವರನ್ನೂ ಒಳಗೆ ಬಿಡುವವರಲ್ಲ. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟು ದೂರದಿಂದ ಬಂದವಳನ್ನು ಬಾಗಿಲಲ್ಲಿ ನಿಲ್ಲಿಸುವುದೇ. ಆದರೆ ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ಜಗಲಿಯ ಮೇಲೆ ಕೂತು ಎರಡು ಲೋಟ ಕಾಫಿ ಕುಡಿದಳು. ಗೋಡೆಗೆ ಒರಗಿಸಿಟ್ಟಿದ್ದ ಬಿದಿರಿನ ಚಂದ್ರಿಕೆಗಳನ್ನು ಮುಟ್ಟಿ ನೋಡಿದಳು. ಮೇವು ಮುಗಿಸಿ ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ತಟ್ಟೆ ಇದು, ಮಧ್ಯದಿಂದ ಸುತ್ತು ಸುತ್ತಾಗಿ ಬಿದಿರಿನ ಪಟ್ಟಿ ಹೆಣೆದಿರುತ್ತಾರೆ ಎಂದು ನಾನು ವಿವರಿಸಿದೆ. ಆಕೆಯ ದೇಶದ ಮೂಲನಿವಾಸಿ ಹೆಂಗಸರು ಮರಳುಗಾಡಿನಲ್ಲಿ ಒಂದು ಕಡೆ ಸೇರಿ ಚಿತ್ರ ಬರೆಯುತ್ತಾರಂತೆ, ಅವರ ಚಿತ್ರಗಳನ್ನು ಹೊರಗಿನವರಿಗೆ ತಲುಪಿಸುವುದು ಇವಳ ಕೆಲಸವಂತೆ. ಮಾತಿಗೆ ಮಾತು ಬಂದು ನಾನು ಹಾಲ್‌ನ ವಿಷಯ ಹೇಳಿದೆ, ಗುಲಾಬಿ ಬಣ್ಣದ ವಿಷಯವನ್ನೂ ಹೇಳಿದೆ. ಅತ್ತೆಗೆ ಇಂಗ್ಲಿಷ್ ಬಾರದು, ಆದರೆ ನನ್ನ ಕೈ ಕೋಣೆಯ ಕಡೆ ತೋರಿಸಿದ್ದನ್ನು ನೋಡಿದರು. ಎದ್ದು ಒಳಗೆ ಹೋದರು.

ಸಂಕ್ರಾಂತಿಗೆ ಮುಂಚೆ ಶಾಲೆಯ ವಿಳಾಸಕ್ಕೆ ಒಂದು ದಪ್ಪ ಲಕೋಟೆ ಬಂತು. ಒಳಗೆ ಕಾಗದ, ಜೊತೆಗೆ ಇಪ್ಪತ್ತು ಚಿತ್ರಗಳಿದ್ದ ತೆಳು ಪುಸ್ತಕ. ನಿನ್ನ ಹೊಸ ಹಾಲ್‌ಗೆ ಇದರಲ್ಲೊಂದು ಆರಿಸಿ ನಂಬರ್ ಬರೆ, ದೊಡ್ಡದಾಗಿ ಅಚ್ಚು ಹಾಕಿಸಿ ಕಳಿಸುತ್ತೇನೆ, ಚಿತ್ರ ಬರೆದವರ ಒಪ್ಪಿಗೆಯೂ ಇದೆ ಎಂದಿತ್ತು ಕಾಗದದಲ್ಲಿ. ಗುಲಾಬಿ ಎಂದಿದ್ದೆಯಲ್ಲ, ಅಲ್ಲಿ ಮಳೆ ಬಿದ್ದ ಮೇಲೆ ಕೆಂಪು ನೆಲದ ತುಂಬ ಹೂವು ಏಳುತ್ತದೆ, ಅದಕ್ಕೇ ಕೆಲವರು ಆ ಬಣ್ಣ ಬಳಸುತ್ತಾರೆ ಎಂದೂ ಇತ್ತು.

ಭಾನುವಾರ ಬೆಳಗ್ಗೆ ಪುಸ್ತಕವನ್ನು ಜಗಲಿಯ ಮೇಲೆ ಹರಡಿಕೊಂಡು ಕೂತೆ. ಇಪ್ಪತ್ತರಲ್ಲಿ ಐದು ಗುಲಾಬಿ. ಒಂದೊಂದೂ ಒಂದೊಂದು ತರಹದ ಗುಲಾಬಿ: ಒಂದು ದಾಳಿಂಬೆ ಕಾಳಿನದು, ಒಂದು ತೊಳೆದು ತೊಳೆದು ಬಿಳಿಚಿಕೊಂಡ ಸೀರೆಯದು. ಎಲ್ಲದರಲ್ಲೂ ಚುಕ್ಕಿಗಳು, ಚುಕ್ಕಿಗಳಿಂದಲೇ ಆದ ಸುತ್ತುಗಳು, ಸುತ್ತಿನಿಂದ ಸುತ್ತಿಗೆ ಗೆರೆಗಳು. ನನಗೆ ಚಿತ್ರಕಲೆ ಏನೂ ಗೊತ್ತಿಲ್ಲ. ನಾನು ಆರಿಸುತ್ತಿದ್ದದ್ದು ಇನ್ನೂ ಕೊಳ್ಳದ ಸೋಫಾದ ಬಟ್ಟೆಗೆ ಯಾವುದು ಹೊಂದುತ್ತದೆ ಎಂಬ ಲೆಕ್ಕದಲ್ಲಿ. ಎಲ್ಲಕ್ಕಿಂತ ತುಂಬಿ ತುಳುಕುವ, ಒಂದಿಷ್ಟೂ ಜಾಗ ಬಿಡದ ಏಳನೇ ನಂಬರಿನ ಚಿತ್ರದ ಮೇಲೆ ನನ್ನ ಬೆರಳು ನಿಂತಿತು. ಗಂಡನಿಗೆ ತೋರಿಸಿದೆ. "ಚೆನ್ನಾಗಿದೆ," ಎಂದರು. ಬೇರೆಯದನ್ನು ತೋರಿಸಿದೆ. "ಇದೂ ಚೆನ್ನಾಗಿದೆ." ಆ ಮನುಷ್ಯನಿಂದ ಇದಕ್ಕಿಂತ ಹೆಚ್ಚು ಹೊರಡುವುದಿಲ್ಲ.

ಅತ್ತೆ ಸೊಪ್ಪು ಹಾಕಿ ಮುಗಿಸಿ ಹೊರಗೆ ಬಂದರು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು.

"ಅವ್ರೂ ಹುಳ ಸಾಕ್ತಾರಾ?"

"ಯಾರು ಅತ್ತೆ?"

"ಇದ ಬರ್ದೋರು. ಚಂದ್ರಿಕೆ ಅಲ್ವಾ ಇದು. ಗೂಡು ಕಟ್ಟವೆ ನೋಡು, ಬಿಳೇದು, ಹಳದೀದು."

ನಾನು ನಗುತ್ತಾ, ಅಲ್ಲ ಅತ್ತೆ, ಅಲ್ಲಿ ರೇಷ್ಮೆ ಗಿಷ್ಮೆ ಏನಿಲ್ಲ, ಮರಳುಗಾಡು ಎಂದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಪುಸ್ತಕವನ್ನು ತೊಡೆಯ ಮೇಲೆ ಎಳೆದುಕೊಂಡು ಕೂತೇಬಿಟ್ಟರು. ನಾನು ಇಷ್ಟಪಟ್ಟ ಏಳನೇ ನಂಬರನ್ನು ಮೊದಲೇ ತಳ್ಳಿಹಾಕಿದರು.

"ಇವ್ಳು ಹುಳಾನ ಒತ್ತೊತ್ತಿಗೆ ಹಾಕ್ಬಿಟ್ಟವ್ಳೆ. ಎರಡೆರಡು ಸೇರ್ಕೊಂಡು ಒಂದೇ ಗೂಡು ಕಟ್ಕೊಂತವೆ. ನೂಲು ಬಿಡಿಸಕ್ಕೆ ಬರಲ್ಲ."

ಇನ್ನೊಂದರಲ್ಲಿ ಚುಕ್ಕಿಗಳು ಅಲ್ಲಲ್ಲಿ ಚೆಲ್ಲಿಕೊಂಡಿದ್ದವು. "ಇದು ಅವಸರ. ಹಣ್ಣಾಗೋಕೆ ಮುಂಚೇನೇ ತೆಗ್ದು ಬಿಟ್ಟವ್ರೆ." ಮೂರನೆಯದಕ್ಕೆ ತಲೆಯನ್ನೂ ಆಡಿಸದೆ ಪುಟ ತಿರುವಿದರು. ಹೀಗೆ ಆಸ್ಟ್ರೇಲಿಯಾದ ಮರಳುಗಾಡಿನ ಹೆಂಗಸರ ಬೆಳೆಯನ್ನೆಲ್ಲ ಕೆಂಚಾರ್ಲಹಳ್ಳಿಯ ಜಗಲಿಯಲ್ಲಿ ಕೂತು ಒಂದೊಂದಾಗಿ ತೂಗಿ ನೋಡಿದ ಮೇಲೆ ಹದಿನಾರನೇ ನಂಬರಿಗೆ ಬಂದು ನಿಂತರು. ಅದು ನಾನು ಅಷ್ಟಾಗಿ ಗಮನಿಸದೇ ಇದ್ದ ಚಿತ್ರ. ಒಣಗಿದ ಕಣಗಿಲೆಯಂಥ ತೀರ ತೆಳು ಗುಲಾಬಿ. ಎಂಟು ಸುತ್ತುಗಳು, ನಡುನಡುವೆ ಉಸಿರಾಡಲು ಜಾಗ. ಒಂದು ಮೂಲೆಯಲ್ಲಿ ಒಂದು ಸುತ್ತು ಮಾತ್ರ ಅರ್ಧ ಖಾಲಿ.

ಅತ್ತೆ ಆ ಖಾಲಿಯ ಮೇಲೆ ಬೆರಳಿಟ್ಟರು. "ತಡವಾಗಿ ಹಣ್ಣಾಗೋ ಹುಳಗಳಿಗೆ ಜಾಗ ಬಿಟ್ಟವ್ಳೆ. ಇದು ಕೈ ಪಳಗಿದೋರ ಕೆಲಸ ಕಣಮ್ಮ." ತೃಪ್ತಿಯಾದಾಗ ಅತ್ತೆಯ ಬಾಯಲ್ಲಿ ತಾನಾಗಿ ತೆಲುಗು ಬರುತ್ತಿತ್ತು. "ಬಾಗುಂದಿ," ಎಂದರು.

ಆಮೇಲೆ ಕೇಳಿದರು, "ಎಷ್ಟು ವಯಸ್ಸು ಇವ್ಳಿಗೆ?"

ಚಿತ್ರದ ಕೆಳಗೆ ನಾಲ್ಕು ಸಾಲು ಇಂಗ್ಲಿಷ್ ಇತ್ತು. ಓದಿ ಹೇಳಿದೆ. ಬರೆದವಳು ಮುದುಕಿ. ಬಣ್ಣ ಹಿಡಿದದ್ದೇ ಮೊಮ್ಮಕ್ಕಳಾದ ಮೇಲೆ. ಈಗಲೂ ದಿನವೂ ನೆಲದ ಮೇಲೆ ಕೂತು ಬರೆಯುತ್ತಾಳೆ, ಮಂಡಿ ಹಿಡಿದುಕೊಂಡರೆ ಯಾರಾದರೂ ಕೈ ಕೊಟ್ಟು ಎಬ್ಬಿಸುತ್ತಾರೆ.

"ಸಾಕು ಬಿಡು ಅಂತ ಯಾರೂ ಅನ್ನಲ್ವಾ ಅವ್ಳಿಗೆ?" ಎಂದರು ಅತ್ತೆ.

ಕುಟುಕಬೇಕೆಂದು ಕೇಳಿದ್ದಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದು. ನನಗೆ ಅದೇ ಹೆಚ್ಚು ತಾಗಿತು. ಪುಸ್ತಕದಲ್ಲಿ ಅದೇನೂ ಬರೆದಿಲ್ಲ ಅತ್ತೆ ಎಂದೆ. ಅವರು ಎದ್ದು ಕೋಣೆಗೆ ಹೋದರು. ನಾನು ಹದಿನಾರು ಎಂದು ಬರೆದು ಕಾಗದ ಅಂಚೆಗೆ ಹಾಕಿದೆ. ಏಳು ಎಂದು ಬರೆಯುವಷ್ಟು ಮುಖ ನನಗಿರಲಿಲ್ಲ. ಆ ಸುತ್ತುಗಳ ಅರ್ಥವೇನು ಎಂದೂ ಕೊನೆಯಲ್ಲಿ ಕೇಳಿದ್ದೆ.

ಆದರೂ ಹಾಲ್‌ನ ಆಸೆ ಬಿಟ್ಟೆ ಎಂದುಕೊಳ್ಳಬೇಡಿ. ನಾನು ಅಷ್ಟು ಬೇಗ ಒಳ್ಳೆಯವಳಾಗುವ ಪೈಕಿ ಅಲ್ಲ. ಗೋಡೆ ಒಡೆದು ಕಿಟಕಿ ದೊಡ್ಡದು ಮಾಡಲು ಮೇಸ್ತ್ರಿಗೆ ಹೇಳಿದೆ. ಅವನು ಬಂದು ಅಳತೆ ತೆಗೆದುಕೊಂಡೂ ಹೋದ.

ಯುಗಾದಿ ಬೆಳೆ ಚೆನ್ನಾಗಿ ಬಂತು. ಗೂಡು ಬಿಡಿಸಿದ ದಿನ ನನ್ನ ಗಂಡನಿಗೆ ರಜ ಸಿಗಲಿಲ್ಲ. ಶಿಡ್ಲಘಟ್ಟದ ಮಾರುಕಟ್ಟೆಗೆ ಅತ್ತೆಯ ಜೊತೆ ನಾನು ಹೋದೆ, ಮೊದಲನೇ ಸಲ. ಮನೆಯಲ್ಲಿ ನಾನು ಕಂಡ ಅತ್ತೆ ಮಂಡಿ ಹಿಡಿದುಕೊಂಡು ಏಳುವ, ಕಾಲು ಎಳೆದು ನಡೆಯುವ ಹೆಂಗಸು. ಅಲ್ಲಿ ಅವರು ಗಂಡಸರ ಸಾಲಿನ ನಡುವೆ ಸೆರಗು ಸಿಕ್ಕಿಸಿಕೊಂಡು ನಡೆದರೆ ಜನ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ನೂಲು ತೆಗೆಯುವ ರೀಲರ್ ಒಬ್ಬರು, ವಯಸ್ಸಾದ ಸಾಬರು, ನಮ್ಮ ಗೂಡಿನ ರಾಶಿಗೆ ಕೈ ತೂರಿಸಿ ಒಂದನ್ನು ತೆಗೆದು, ಒಳಗಿನ ಹುಳು ಕಟಕಟ ಅನ್ನುತ್ತದೆಯೇ ಎಂದು ಕಿವಿಯ ಹತ್ತಿರ ಅಲ್ಲಾಡಿಸಿದರು. ಮುಖ ಅರಳಿತು.

"ನಿಮ್ ಗೂಡು ಅಂದ್ರೆ ನೋಡೋದೇ ಬೇಡಮ್ಮ. ಮುಂದಿನ ಬೆಳೆ ಯಾವಾಗ?"

ಅತ್ತೆ ಗೂಡುಗಳನ್ನು ಸರಿಮಾಡುತ್ತಾ, "ನಮ್ ಸೊಸೇನ ಕೇಳಪ್ಪ," ಎಂದರು.

ಸಾಬರು ನನ್ನ ಕಡೆ ತಿರುಗಿದರು. ಸುತ್ತ ನಿಂತಿದ್ದ ನಾಲ್ಕು ಜನ ಕೂಡ ತಿರುಗಿದರು. ದಿನಕ್ಕೆ ಆರು ಪೀರಿಯಡ್ ಮಾತಾಡುವ ನನ್ನ ಬಾಯಲ್ಲಿ ಬಂದದ್ದು ಒಂದೇ ಮಾತು. "ನೋಡಣ," ಎಂದೆ. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಯಾರ ತೋಟದಲ್ಲಿ ಸೊಪ್ಪು ಹೇಗಿದೆ ಎಂದು ಹೇಳುತ್ತಾ ಬಂದರು. ಬೇರೆ ಏನೂ ಹೇಳಲಿಲ್ಲ. ಗಂಭೀರವಾಗಿ ಕೂತಿದ್ದವಳು ನಾನು.

ಮರುದಿನದಿಂದ ಅತ್ತೆ ಕೋಣೆ ತೊಳೆಯಲು ನಿಂತರು. ಹುಳು ಸಾಕುವ ಸ್ಟ್ಯಾಂಡುಗಳನ್ನು ಕಳಚಿದರು. ಗೋಡೆಗೆ ಬ್ಲೀಚಿಂಗ್ ಪೌಡರಿನ ನೀರು ಹೊಡೆದು, ಸುಣ್ಣ ಬಳಿದು, ನೆಲಕ್ಕೂ ಸುಣ್ಣ ಎರಚಿದರು. ಹೇಗೂ ಒಡೆಯುವ ಗೋಡೆಗೆ ಯಾಕೆ ಇಷ್ಟು ಎಂದು ಕೇಳಿದೆ. "ಕೋಣೆ ಕೊಳಕಾಗಿ ಬಿಟ್ಟು ಹೋದ್ರೆ ಚೆನ್ನಾಗಿರಲ್ಲ," ಎಂದರು. ಬಿಟ್ಟು ಹೋದ್ರೆ ಎಂಬ ಆ ಮಾತು ನನ್ನ ಎದೆಯಲ್ಲಿ ಕೂತಿತು.

ಚಿತ್ರ ಬಂದದ್ದು ಶುಕ್ರವಾರ, ಉದ್ದನೆಯ ಕೊಳವೆಯಲ್ಲಿ ಸುತ್ತಿಕೊಂಡು. ಸೋಮವಾರ ಮೇಸ್ತ್ರಿ ಬರುವವನಿದ್ದ. ಶನಿವಾರ ಶಾಲೆ ಬಿಟ್ಟ ಮೇಲೆ ಚಿಂತಾಮಣಿಯಲ್ಲೇ ಹಲಗೆಗೆ ಅಂಟಿಸಿ ಚೌಕಟ್ಟು ಹಾಕಿಸಿಕೊಂಡು, ಬಸ್ಸಿನಲ್ಲಿ ಒಂದು ಸೀಟು ಅದಕ್ಕೇ ಹಿಡಿದು, ಕಂಡಕ್ಟರ್ ಹತ್ತಿರ ಜಗಳವಾಡಿ ತಂದೆ. ಖಾಲಿ ಕೋಣೆಯ ಗೋಡೆಗೆ ಒರಗಿಸಿದಾಗ ನಾವು ಮೂವರೂ ಹಿಂದೆ ಸರಿದು ನೋಡಿದೆವು. ಪುಸ್ತಕದಲ್ಲಿ ಅಂಗೈಯಷ್ಟಿದ್ದದ್ದು ಈಗ ಚಾಪೆಯಷ್ಟಿತ್ತು. ಸುಣ್ಣದ ಬಿಳುಪಿನ ಮುಂದೆ ಆ ತೆಳು ಗುಲಾಬಿ ಎಷ್ಟು ಚೆನ್ನಾಗಿ ಕಂಡಿತು ಎಂದರೆ, ಗಂಡ ಕೂಡ "ಚೆನ್ನಾಗಿದೆ" ಎಂಬುದನ್ನು ಎರಡು ಸಲ ಹೇಳಿದರು.

ಜೊತೆಗಿದ್ದ ಕಾಗದ ಓದಿದೆ. ಸುತ್ತುಗಳೆಂದರೆ ಒಣನೆಲದಲ್ಲಿ ನೀರು ಸಿಗುವ ಜಾಗಗಳು, ಹೆಂಗಸರು ಸೇರಿ ಕೂರುವ ಜಾಗಗಳು. ಇಷ್ಟನ್ನು ಆ ಅಜ್ಜಿ ಹೇಳುತ್ತಾಳೆ. ಇನ್ನೂ ಇದೆ, ಅದನ್ನು ಹೊರಗಿನವರಿಗೆ ಹೇಳುವುದಿಲ್ಲ. ನಿನ್ನ ಅತ್ತೆಗೆ ಇದು ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ ಎಂದು ಆಕೆ ಬರೆದಿದ್ದಳು.

"ನೀರಿನ ಜಾಗವಾ? ನಾನು ಚಂದ್ರಿಕೆ ಅಂದ್ಕೊಂಬಿಟ್ಟೆ," ಎಂದು ಅತ್ತೆ ನಕ್ಕರು. ಆಮೇಲೆ, "ಎಲ್ಲಾನೂ ಹೇಳ್ಬಾರ್ದು. ಸರಿಯಾಗೇ ಮಾಡ್ತಾಳೆ," ಎಂದರು.

ಗಂಡ ಸುತ್ತಿಗೆ, ಮೊಳೆ ತಂದುಕೊಟ್ಟರು. ಮೇಸ್ತ್ರಿ ಮುಟ್ಟದ ಎದುರು ಗೋಡೆಯಲ್ಲಿ ನಾನು ಜಾಗ ಗುರುತು ಮಾಡಿದೆ. ಅತ್ತೆ ಆ ಜಾಗವನ್ನು ಅಂಗೈಯಿಂದ ಒಮ್ಮೆ ಸವರಿದರು.

"ತೂತು ಬಿದ್ರೆ ಅದ್ರಲ್ಲಿ ರೋಗ ಕೂತ್ಕೊಂತದೆ ಅಂತ ಈ ಕೋಣೇಲಿ ಇವತ್ತಿನವರೆಗೂ ಒಂದು ಮೊಳೆ ಹೊಡೆಸಿಲ್ಲ. ನಿಮ್ ಮಾವನ ಫೋಟೋನೂ ಹಾಕಿಲ್ಲ." ಪಕ್ಕಕ್ಕೆ ಸರಿದು ನಿಂತರು. "ಇನ್ನೇನು, ಹೊಡಿಯಮ್ಮ."

ನಾನು ಮೊಳೆಯನ್ನು ಗೋಡೆಗೆ ಇಟ್ಟೆ. ಸುತ್ತಿಗೆ ಎತ್ತಿದೆ. ಕೈ ಬರಲಿಲ್ಲ. ಅಷ್ಟೊಂದು ನುಣುಪಾದ ಗೋಡೆಯನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಅದು ಮೇಸ್ತ್ರಿ ಮಾಡಿದ ನುಣುಪಲ್ಲ. ಮೂವತ್ತು ವರ್ಷ ಪ್ರತಿ ಬೆಳೆಗೂ ಈ ಹೆಂಗಸು ತೊಳೆದು, ಉಜ್ಜಿ, ಬಳಿದು ಬಂದ ನುಣುಪು. ಸುತ್ತಿಗೆಯನ್ನು ನೆಲಕ್ಕಿಟ್ಟೆ. ನನಗೆ ಹಾಲ್ ಬೇಡ ಅನ್ನಿಸಿದ್ದು ಆ ಕ್ಷಣದಲ್ಲಿ. ಸುಳ್ಳು ಹೇಳುವುದಿಲ್ಲ, ಸ್ವಲ್ಪ ದುಃಖವೂ ಆಯಿತು.

"ಅತ್ತೆ, ಮುಂದಿನ ಬೆಳೆಗೆ ಚಾಕಿ ಹುಳಕ್ಕೆ ಹೇಳಿಬಿಡಣ್ವಾ?" ಎಂದೆ. ಮೊಟ್ಟೆಯೊಡೆದ ಮರಿಗಳನ್ನು ಎರಡು ಜ್ವರ ಕಳೆಯುವವರೆಗೆ ಬೇರೆ ಕಡೆ ಸಾಕಿ ರೈತರ ಮನೆಗೆ ಕೊಡುತ್ತಾರೆ, ಅವೇ ಚಾಕಿ ಹುಳುಗಳು. ಮುಂಚಿತವಾಗಿ ಹೇಳಿರಬೇಕು.

ಅತ್ತೆ ನೆಲ ನೋಡಿದರು. "ಆಗ್ಲೇ ಹೇಳಿದೀನಿ," ಎಂದರು.

"ಯಾವಾಗ?"

"ಮಾರ್ಕೆಟ್ನಿಂದ ಬಂದ ಸಾಯಂಕಾಲಾನೇ. ಬುಧವಾರ ಬತ್ತವೆ."

ನಾನು ಗಂಡನ ಮುಖ ನೋಡಿದೆ. ಅವರಿಗೂ ಗೊತ್ತಿರಲಿಲ್ಲ. "ಸೋಮವಾರ ಗೋಡೆ ಒಡೀತಾರಲ್ಲಮ್ಮ, ಎಲ್ಲಿ ಸಾಕೋದು ಅಂತಿದ್ದೆ ನೀನು?" ಎಂದು ಅವರೇ ಕೇಳಿದರು.

"ಪಕ್ಕದ ಮನೆಯೋರ ಕೊಟ್ಟಿಗೆ ಖಾಲಿ ಇತ್ತಲ್ಲಪ್ಪ. ಮಾತಾಡಿದೀನಿ. ಇವ್ಳು ಪಾಪ ಹಾಲ್‌ನಲ್ಲಿ ಕೂತ್ಕೊಳ್ಳಿ, ನಾನು ಅಲ್ಲಿಗೇ ಹೋಗಿ ಸಾಕ್ಕೊಂಡು ಬರಣ ಅಂತ."

ಅವರ ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ಹಂಗಿಸುವುದೂ ಇರಲಿಲ್ಲ. ನನಗೊಂದು ಹಾಲ್ ಆಗಲಿ ಎಂದೇ ಆ ವಯಸ್ಸಿನಲ್ಲಿ, ಆ ಮಂಡಿ ಇಟ್ಟುಕೊಂಡು, ಬೇರೆಯವರ ಕೊಟ್ಟಿಗೆಗೆ ಹೊರಟಿದ್ದರು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ನಾನು ಎಷ್ಟೇ ಬೇಡ ಎಂದಿದ್ದರೂ ಈ ಹೆಂಗಸು ಹುಳು ಸಾಕುವುದನ್ನು ನಿಲ್ಲಿಸುವವರಾಗಿರಲಿಲ್ಲ ಎಂದು ತಿಳಿದು ಎಷ್ಟೋ ದಿನದ ಮೇಲೆ ಮನಸ್ಸು ಹಗುರವಾಯಿತು. ಅವರ ಕೈ ಹಿಡಿದು ಹೊಸಿಲು ಇಳಿಸಿದೆ. ಬೇಡ ಬಿಡಮ್ಮ ಎಂದು ಕೊಸರಾಡಿದರು, ಆದರೆ ಕೈ ಬಿಡಿಸಿಕೊಳ್ಳಲಿಲ್ಲ.

ಸೋಮವಾರ ಬೆಳಗ್ಗೆ ಮೇಸ್ತ್ರಿ ಪಿಕಾಸಿ ಹೊತ್ತುಕೊಂಡು ಬಂದ. ಅವನ ಕೈಲಿ ಚಿತ್ರಕ್ಕೆಂದು ಅಡುಗೆಮನೆಯ ಗೋಡೆಗೆ ಒಂದೇ ಒಂದು ಮೊಳೆ ಹೊಡೆಸಿ, ಕಾಫಿ ಕೊಟ್ಟು ಕಳಿಸಿದೆವು.